ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೇಳಿದ ಮಾಸ್ತರು

ತಡೀರಿ, ಹಾಳಿ ತಿರವಬ್ಯಾಡ್ರಿ. ಒಬ್ಬ ಮನಷ್ಯಾ ತನ್ನ ಸ್ವಂತ ಮನ್ಯಾಗ, ಹಡದವ್ವನ ಕಣ್ಣ ಮುಂದ, ಸಂಜಿ ದೀಪಾ ಫೂ ಅಂತ ಊದಿ ಆರಿಸಿದ ಕಥಿ ಹೇಳೋದೈತಿ. ಅದೂ ಬಡದೇಶ ಮುಂದ ಬರಲಿ ಅಂತ! ಆದ್ರ ಅದು ಈಗ ಸಿಗಂಗಿಲ್ಲ, ಕಡೀಕ ಬರತೈತಿ. ಅಲ್ಲೀತನಕ ಕಾಯಬೇಕು. ನಮ್ಮ ಮಾಸ್ತರು ಕ್ಲಾಸಿನ್ಯಾಗ ಹುಡುಗೂರನ್ನ ಹಿಂಗ ಕಾಯಸ್ತಿದ್ರು. ಅವರಿಂದ ನಾ ಕಲ್ತದ್ರಾಗ ಇದೂ ಒಂದು.

ಮಾಸ್ತರ ಹೆಸರ ಹೇಳಂಗಿಲ್ಲ. ಹೇಳಿದ್ರ ಸಿಟ್ಟ ಬರತೈತಿ ಅಂತಲ್ಲ, ಖುಷಿ ಆಗತೈತಿ. ಖುಷಿ ಆದ್ರ ಭಾಷಣಾ ಸುರು ಮಾಡ್ತಾರ. ಈ ವರ್ಷ ರಿಟಾಯರ ಆದ್ರು. ಹಾರಾ ಹಾಕಿ, ಶಾಲು ಹೊದಿಸಿ, ಬಬಲೇಶ್ವರದ ಬಸ್ಸಿಗೆ ಕೂಡಿಸಿ ಬಂದ್ವಿ. ಅವತ್ತಿನಿಂದ ನಮ್ಮ ಮಾಸ್ತರರ ಖೋಲಿ ಎಷ್ಟ ಸುಮ್ಮಗ ಐತಿ ಅಂದ್ರ, ಗೋಡೆ ಮ್ಯಾಲಿನ ಜಗತ್ತಿನ ನಕಾಶಿಗೂ ಬ್ಯಾಸರ ಬಂದಂಗ ಕಾಣತೈತಿ. ದಿನಾ ಕೋಲಿನಿಂದ ಪೆಟ್ಟ ತಿಂದು ರೂಢಿ ಆಗಿತ್ತಲ್ಲ ಅದಕ್ಕ.

ನಾ ತಿಕೋಟಾದ ಆ ಸಾಲ್ಯಾಗ ಕ್ಲಾರ್ಕ. ಮ್ಯಾಟ್ರಿಕ್ ಆದ ಮ್ಯಾಲ ಕಾಲೇಜ ಕಟ್ಟಿ ಹತ್ತಿದಾಂವ ಅಲ್ಲ. ಅರ್ಥಶಾಸ್ತ್ರ ನನಗ ನಾನ ಕಲ್ತೇನಿ, ವಿಜಾಪುರದ ರದ್ದಿ ಅಂಗಡ್ಯಾಗ ತೂಕದ ಮ್ಯಾಲ ತಂದ ಒಂದ ದಪ್ಪ ಪುಸ್ತಕದಿಂದ. ಅದರ ಕಡೀ ಹಾಳಿ ಹರದಿದ್ವು. ಹಿಂಗಾಗಿ ದೇಶಗೋಳು ಬಡವ ಯಾಕ ಅದಾವ ಅನ್ನೂತನಕ ನನಗ ಬರೋಬ್ಬರಿ ಗೊತ್ತೈತಿ, ಶ್ರೀಮಂತ ಹ್ಯಾಂಗ ಆಗಬೇಕು ಅನ್ನೋದು ಹರದ ಹಾಳ್ಯಾಗ ಹೋಗೇತಿ. ಉಳದದ್ದು ಮಾಸ್ತರು ಹೇಳಿದ್ದು.

ಮಾಸ್ತರು ಕಲಸ್ತಿದ್ದದ್ದು ಭೂಗೋಳ. ಹುಟ್ಟಿದ್ದು ಬಬಲೇಶ್ವರ, ನೌಕರಿ ತಿಕೋಟಾ, ಬಾಡಗಿ ಮನಿ ವಿಜಾಪುರದ ಅಥಣಿ ರಸ್ತೆ ಮ್ಯಾಲ. ಕರೇ ಕೋಟು, ಕಿಸೆದಾಗ ಬೋರ್ಡಿಗೆ ಬರಿಯೋ ಖಡು, ಕೋಟಿನ ತುಂಬ ಖಡುವಿನ ಬಿಳೀ ಬೆರಳಿನ ಗುರ್ತು. ಮಾತ ಸುರು ಆದ್ರ ಕೈ ಮೊದಲ ಹೋಗತೈತಿ, ಆಮ್ಯಾಲ ಬಾಯಿ. ಸಂಜಿ ಬಸ್ಸಿನ ಬಾಗಲದಾಗ ಒಂದ ಕಾಲ ಮ್ಯಾಲ ಇಟ್ಟು, ಒಂದ ಕಾಲ ಕೆಳಗ ಬಿಟ್ಟು, ನನಗ ಜರ್ಮನಿ ವಿಷಯ ಹೇಳ್ತಿದ್ರು. ಕಂಡಕ್ಟರ್ ಗಂಟಿ ಹಗ್ಗಾ ಹಿಡಕೊಂಡ ನಿಂತಾಂವ ಅಂತಿದ್ದ: “ಮಾಸ್ತರ, ದೇಶ ಆಮ್ಯಾಲ ಮುಂದ ಬರಲಿ, ಮೊದಲ ನೀವು ಒಳಗ ಬರ್ರಿ!”

ಅವರ ತಲ್ಯಾಗ ಒಂದ ಪ್ರಶ್ನಿ ಕುಂತಿತ್ತು. ಹಿಂದಕ ಎಲ್ಲಾ ದೇಶಾನೂ ಹೆಚ್ಚೂ ಕಡಿಮಿ ಒಂದ ನಮೂನಿ ಬಡವಿದ್ವು. ಎಲ್ಲಾ ಕಡೆ ಅದ ಎತ್ತು, ಅದ ನೇಗಿಲಾ, ಮಳಿ ಬಂದ್ರ ಊಟ. ಹಂಗಿದ್ದದ್ದು ಈಗ ಒಬ್ಬರು ಮೋಟಾರದಾಗ ಅಡ್ಡಾಡ್ತಾರ, ಒಬ್ಬರಿಗೆ ಕಾಲಾಗ ಕೆರ ಇಲ್ಲ. ಇದು ಹ್ಯಾಂಗ ಆತು? ಹುಡುಗೂರಿಗೆ ಅವರು ಹೇಳೋ ರೀತಿ ಹಿಂಗ:

“ವಿಜಾಪುರದಿಂದ ಇಬ್ರು ತಿಕೋಟಾಕ ನಡಕೋತ ಹೊಂಟಾರ ಅಂತ ತಿಳೀರಿ. ಒಬ್ಬಾಂವ ಕೂದಲ ಎಳೀಯಷ್ಟು ಜೋರ ನಡೀತಾನ. ಊರ ದಾಟೂತನಕ ಇಬ್ರೂ ಮಾತಾಡ್ಕೋತ ಜೋಡೀಲೆ ಅದಾರ, ಫರಕ ಗೊತ್ತ ಆಗಂಗಿಲ್ಲ. ಆಮ್ಯಾಲ ಮುಂದಿನಾಂವಗ ಬೇವಿನ ಗಿಡದ ನೆರಳ ಮೊದಲ ಸಿಗತೈತಿ. ಚಹಾ ಮೊದಲ ಸಿಗತೈತಿ. ಚಹಾ ಕುಡದು ಮತ್ತಿಷ್ಟ ಜೋರ ನಡೀತಾನ! ಹಿಂದಿನಾಂವ ಬರೂದ್ರಾಗ ಚಹಾ ಖಾಲಿ. ಮುಂದಿನಾಂವಗ ನಾವು ಏನಂತೀವಿ? ಶ್ಯಾಣ್ಯಾ ಅಂತೀವಿ. ಹಿಂದಿನಾಂವಗ? ಆಳಸಿ ಅಂತೀವಿ. ಖರೇ ಅಂದ್ರ ಇಬ್ಬರದೂ ಕಾಲ ಎರಡೆರಡ!”

ಮುಂದ ಹೋದ ದೇಶಕ್ಕೆಲ್ಲಾ ಅವರು ಇಟ್ಟ ಹೆಸರು ತಿಕೋಟಾ. ಹಿಂದ ಉಳದದ್ದೆಲ್ಲಾ ಬಬಲೇಶ್ವರ. ತಿಕೋಟಾದಾಗ ಆಗ ಒಬ್ರು ಸಾಹುಕಾರ ದ್ರಾಕ್ಷಿ ಬೆಳಸಾಕ ಹತ್ತಿದ್ರು, ಎಂಜಿನ್ ಇಟ್ಟು ಬಾವಿ ನೀರ ಎತ್ತತಿದ್ರು, ಅದಕ್ಕ ಆ ಮರ್ಯಾದಿ. ಗೋಳಗುಮ್ಮಟ ಕಟ್ಟೂ ಕಾಲಕ್ಕ ನಾವ ತಿಕೋಟಾ ಆಗಿದ್ವಿ, ಪರದೇಶದವರು ಬಂದು ಬಾಯಿ ತಕ್ಕೊಂಡ ನೋಡ್ತಿದ್ರು ಅಂತ ಬ್ಯಾರೆ ಹೇಳವ್ರು. ಇದರ ಪರಿಣಾಮ ಏನಾತು ಅಂದ್ರ, ಪರೀಕ್ಷಾದಾಗ ಒಬ್ಬ ಹುಡುಗ ‘ಇಂಗ್ಲಂಡ ಯುರೋಪಿನ ತಿಕೋಟಾ, ಅಲ್ಲಿ ದ್ರಾಕ್ಷಿ ಬೆಳೀತಾರ’ ಅಂತ ಬರದಿಟ್ಟ. ಹೆಡ್ಮಾಸ್ತರು ಪೇಪರ್ ಹಿಡಕೊಂಡು ಬಂದ್ರು.

“ಏನ್ರೀ ಮಾಸ್ತರ ಇದು?”

“ಮಾರ್ಕ ಕೊಡಂಗಿಲ್ರೀ ಸರ. ದ್ರಾಕ್ಷಿ ತಪ್ಪೈತಿ.”

“ಬರೇ ದ್ರಾಕ್ಷಿ ತಪ್ಪೇನು?” ಹೆಡ್ಮಾಸ್ತರು ನಗಿ ತಡಕೊಂಡ ಕೇಳಿದ್ರು. “ಇರಲಿ. ನಿಮ್ಮ ಲೆಕ್ಕದಾಗ ಹಿಂದ ಉಳದಾಂವ ಹಿಂದನ ಉಳೀಬೇಕೇನು ಹಂಗಾದ್ರ?”

ಅಷ್ಟ ಸಾಕಾತು. ಮಾಸ್ತರ ಕೈ ಮ್ಯಾಲ ಹೋತು. “ಇಲ್ರೀ ಸರ! ಹಿಂದಿನಾಂವಗ ಒಂದ ಫಾಯದೆ ಐತಿ. ದಾರಿ ಹುಡಕೂ ತ್ರಾಸ ಇಲ್ಲ, ಮುಂದಿನಾಂವನ ಹೆಜ್ಜಿ ನೋಡಿ ಓಡಬಹುದು. ಜಪಾನ ನೋಡ್ರಿ, ಲಡಾಯ್ಯಾಗ ಸುಟ್ಟು ಬೂದಿ ಆಗಿತ್ತು, ಈಗ ರೇಡಿಯೋ ಮಾಡಿ ಜಗತ್ತಿಗೆ ಮಾರಾಕತ್ತೈತಿ. ವಿದ್ಯಾ ಅಂದ್ರ ಹೆಪ್ಪು ಇದ್ದಂಗ್ರೀ. ಬಾಜೂ ಮನಿಯಿಂದ ಒಂದ ಚಮಚೆ ಹೆಪ್ಪು ಇಸ್ಕೊಂಡ ಬಂದ್ರ ನಮ್ಮ ಗಡಗಿ ತುಂಬ ಮೊಸರು. ಕೊಟ್ಟವರ ಗಡಗಿ ಏನ ಬರಿದ ಆಗಂಗಿಲ್ಲ. ರೊಟ್ಟಿ ಕೊಟ್ರ ಕಡಿಮಿ ಆಗತೈತಿ, ಹೆಪ್ಪು ಕೊಟ್ರ ಎರಡೂ ಮನ್ಯಾಗ ಮೊಸರು!”

ಈ ಮಾತು ಅವರು ಸಾಲ್ಯಾಗ ಅಷ್ಟ ಹೇಳಿದ್ರ ಚೊಲೋ ಇತ್ತು. ಐತವಾರ ಊರಿಗೆ ಹೋಗಿ ತಮ್ಮನ ಮುಂದೂ ಹೇಳಿದ್ರು. ತಮ್ಮ ಒಕ್ಕಲತನ ಮಾಡಾಂವ, ಮಾತ ಕಡಿಮಿ. ಅವನ ತಲಿ ತಿಂದು ತಿಂದು, ಬಾವಿ ಮಗ್ಗಲದ ಚೊಲೋ ಹೊಲದ ತುಂಡು ದ್ರಾಕ್ಷಿಗೆ ಬಿಡಿಸಿದ್ರು. ತಮ್ಮ ಒಂದ ಕರಾರು ಹಾಕಿದ:

“ಅಣ್ಣಾ, ನಿನ್ನ ಮಾತಿಗೆ ಬಿಟ್ಟೇನಿ. ಮೂರನೇ ವರ್ಷದ ಜ್ವಾಳದ ಬಿತ್ತಗಿ ಹೊತ್ತಿಗೆ ಒಂದ ಗೊನಿ ಕಾಣದಿದ್ರ ಬೇರ ಸಹಿತ ಕಿತ್ತ ಒಗೀತೇನಿ. ಆಮ್ಯಾಲ ಈ ಮನ್ಯಾಗ ಯಾರೂ ಜಪಾನದ ಹೆಸರ ತಗೀಬಾರ್ದು.”

ನಗಬ್ಯಾಡ್ರಿ. ಮಾಸ್ತರಿಗೆ ಇದು ಜೀವದ ಪ್ರಶ್ನಿ ಆತು. ಸಾಲ್ಯಾಗ ಯಾರ ನಂಬಲಿ ಬಿಡಲಿ, ಹಿಂದ ಉಳದವರು ಮುಂದ ಬರತಾರ ಅನ್ನೋ ಮಾತು ತನ್ನ ಸ್ವಂತ ಮನ್ಯಾಗ ಸುಳ್ಳ ಆದ್ರ, ಮತ್ತ ನಕಾಶಿ ಮುಂದ ಹ್ಯಾಂಗ ನಿಂದರೋದು?

ಈಗ ಮಾಸ್ತರು ಮಾಡಿದ ತಪ್ಪ ಕೇಳ್ರಿ. ದ್ರಾಕ್ಷಿ ಕಡ್ಡಿ ಎಲ್ಲಿಂದ ತಂದ್ರು? ಸಾಹುಕಾರರ ತ್ವಾಟದ ಬೇಲಿ ಹೊರಗ ಕಡ್ಡಿ ಕಡದು ಗುಂಪಿ ಹಾಕಿದ್ರು. ಒಲಿಗೆ ಒಯ್ಯಾವ್ರು ಒಯ್ಯಲಿ ಅಂತ. ಮಾಸ್ತರು ಒಂದ ಹೊರೆ ಕಟ್ಟಿ ಬಸ್ಸಿನ ಮ್ಯಾಲ ಹಾಕಿ ಬಬಲೇಶ್ವರಕ ಒಯ್ದು ಹಚ್ಚಿದ್ರು. ಹೆಪ್ಪು ಸಿಕ್ತು ಅಂತ ಕುಣದಾಡಿದ್ರು. ಆದ್ರ ಇಷ್ಟೊಂದು ಜೀವಂತ ಕಡ್ಡಿ ಸಾಹುಕಾರರು ಯಾಕ ಕಡದು ಒಗದಾರ ಅಂತ ಆ ಭೂಗೋಳದ ತಲ್ಯಾಗ ಒಮ್ಮೆನೂ ಬರಲಿಲ್ಲ!

ಬಳ್ಳಿ ಬೆಳೀತ್ರೀ. ಏನ ಬೆಳೀತು! ಕಲ್ಲಗಂಬಾ ಹುಗದು, ತಂತಿ ಕಟ್ಟಿ, ಚಪ್ಪರಾ ತುಂಬಿ, ಬಾವಿ ಗಡಗಡಿಗೂ ಸುತ್ತಕೊಂಡಿತು. ಹಸರಂದ್ರ ಹಸರು. ಹಣ್ಣ ಮಾತ್ರ ಇಲ್ಲ. ಊರ ಮಂದಿ ಅದನ್ನ ‘ಮಾಸ್ತರ ಚಪ್ಪರಾ’ ಅಂತ ಕರದು ತಮ್ಮ ಕೆಲಸಕ್ಕ ಹಚ್ಚಿಕೊಂಡ್ರು. ಮಧ್ಯಾಹ್ನ ಇಸ್ಪೀಟ ಅಲ್ಲೇ. ಆಕಳ ಕರಾ ಕಟ್ಟೋದು ಅಲ್ಲೇ. ಒಮ್ಮೆ ಕನ್ಯಾ ನೋಡೋ ಕಾರ್ಯಾನೂ ಅಲ್ಲೇ ಆಗಿ, ಲಗ್ನ ಕೂಡಿಬಂತು. “ಮಾಸ್ತರ, ನಿಮ್ಮ ಬಳ್ಳಿ ಫಲಾ ಕೊಟ್ತು ನೋಡ್ರಿ,” ಅಂತ ಬೀಗರು ಸಕ್ರಿ ಕೊಟ್ಟ ಹೋದ್ರು. ಮಾಸ್ತರ ಅವ್ವಾರು ಮಾತ್ರ ಆ ಬಳ್ಳಿಗೆ ದಿನಾ ಕುಂಕಮ ಹಚ್ಚತಿದ್ರು. “ಹಸರ ಹೆಂಗ ತುಂಬೇತಿ ನೋಡ, ಲಕ್ಷ್ಮಿ ಇದ್ದಂಗ ಐತಿ. ಒಂದ ಎಲಿ ಹರೀಗೊಡಂಗಿಲ್ಲ ನಾ.”

ಎರಡ ವರ್ಷ ಹಿಂಗ ಹೋದ ಮ್ಯಾಲ ಮಾಸ್ತರು ಸೋತು ಸಾಹುಕಾರರ ಮನಿಗೆ ಹೋದ್ರು, ಜೋಡಿ ನಾನೂ. ಸಾಲಿ ಬಿಟ್ಟು, ಹುಡುಗೂರ ಪ್ರಶ್ನಿ ತೀರಿಸಿ ಹೋಗೂದ್ರಾಗ ಸೂರ್ಯಾ ಮುಳಗಿದ್ದ. ಸಾಹುಕಾರರು ಕಟ್ಟಿ ಮ್ಯಾಲ ಕುಂತಿದ್ರು. ಮಾತಿಗೆ ಭಾಳ ಮೆತ್ತಗ.

“ಬರ್ರಿ ಮಾಸ್ತರ, ಬರ್ರಿ. ಚಹಾ ತಗೋರಿ.”

“ಚಹಾ ಇರಲ್ರೀ. ನನ್ನ ಬಳ್ಳಿ ಹಣ್ಣ ಬಿಡವಲ್ದು. ಗುಟ್ಟ ಹೇಳ್ರಿ.”

ಸಾಹುಕಾರರು ಗೋಡಿ ಮಾಡದಾಗ ಉರಿಯೋ ದೀಪಾ ನೋಡಿದ್ರು. “ಛೇ, ಈಗಷ್ಟ ದೀಪಾ ಹಚ್ಚೇವಲ್ರೀ. ನಾಳಿ ನೋಡೂಣು.”

ನಮ್ಮ ಕಡೆ ಪದ್ಧತಿ ನಿಮಗ ಗೊತ್ತಿರಬೇಕು. ದೀಪಾ ಹಚ್ಚಿದ ಮ್ಯಾಲ ಮನಿಯಿಂದ ಉಪ್ಪು, ಹಾಲು, ಹೆಪ್ಪು ಹೊರಗ ಕೊಡಂಗಿಲ್ಲ, ಲಕ್ಷ್ಮಿ ಹೋಗ್ತಾಳ ಅಂತ. ಮಾಸ್ತರು ಊರೆಲ್ಲಾ ವಿದ್ಯಾಕ್ಕ ಹೆಪ್ಪು, ಹೆಪ್ಪು ಅಂತ ಸಾರಿದ್ದು ಸಾಹುಕಾರರ ಕಿವಿಗೂ ಬಿದ್ದಿತ್ತಲ್ಲ! ಅವರ ಮಾತನ್ನ ಅವರಿಗೇ ಕಟ್ಟಿ ಹಾಕಿದ್ರು. ಮರದಿನ ಹೋದ್ವಿ, ಮತ್ತ ದೀಪಾ. ಸೂಟಿ ದಿನ ಮುಂಜಾನಿ ಹೋದ್ರ, ಅಮಾಸಿ. ಮತ್ತೊಮ್ಮೆ ಹೋದ್ರ ಸಾಹುಕಾರರ ಎತ್ತಿಗೆ ಮೈಯಾಗ ಚೊಲೋ ಇಲ್ಲ. ದಾರ್ಯಾಗ ಬರುವಾಗ ನಾ ಕೇಳಿದೆ, “ಸರ, ಶ್ರೀಮಂತ ದೇಶ ಬಡದೇಶಕ್ಕ ಹಿಂಗ ಮಾಡ್ತಾವೇನ್ರಿ?”

“ಇದಕ್ಕಿಂತ ಚೊಲೋ ಚಹಾ ಕುಡಸ್ತಾವ,” ಅಂದ್ರು ಮಾಸ್ತರು.

ಕಡೀಕ ಸಾಹುಕಾರರ ಹೆಂಡ್ತಿಗೆ ನಮ್ಮನ್ನ ನೋಡಿ ನೋಡಿ ಸಾಕಾತು. ಬ್ಯಾಸಗಿ ಸುರು ಆಗಿತ್ತು. ಒಂದ ಸಂಜಿ ಗಂಡ ಒಳಗ ಹೋದಾಗ ಹೊಸ್ತಲದಾಗ ನಿಂತು ಅಂದ್ರು: “ಮಾಸ್ತರ, ಕೊಡೋದ ಬ್ಯಾಡ ಅಂತ ಪದ್ಧತಿ ಐತ್ರಿ. ನೋಡೋದ ಬ್ಯಾಡ ಅಂತ ಎಲ್ಲೈತಿ? ನಾಳಿ ಮುಂಜಾನಿ ತ್ವಾಟದಾಗ ಆಳು ಬರ್ತಾವ. ಬಂದ ಬೇಲಿ ಮಗ್ಗಲಕ ಕುಂದರ್ರಿ.”

ಮಾಸ್ತರು ರಜಾ ಹಾಕಿದ್ರು. ಜ್ವರ ಬಂದ್ರೂ ರಜಾ ಹಾಕದ ಮನಷ್ಯಾ! ಬೇಲಿ ಮಗ್ಗಲಕ ಛತ್ರಿ ಹಿಡದು ಕುಂತ್ವಿ. ಆಳು ಕತ್ರಿ ತಗೊಂಡು ಬಂದ್ರು, ಹಸರ ತುಂಬಿದ ಬಳ್ಳಿ ಕಚಕಚ ಕತ್ತರಿಸಿ ಮೋಟ ಮಾಡಿ ಬಿಟ್ರು. ಮಾಸ್ತರು ನನ್ನ ಕೈ ಹಿಡಕೊಂಡ್ರು, ಹಲ್ಲ ಕೀಳಿಸಿಕೊಳ್ಳಾವ್ರಂಗ.

“ಇದಕ್ಕ ಚಾಟ್ನಿ ಅಂತಾರ್ರೀ,” ಅಂದ್ರು ಆ ತಾಯಿ. “ಬ್ಯಾಸಗ್ಯಾಗ ಒಮ್ಮೆ ಕಡದ್ರ ಕಡ್ಡಿ ತಯಾರ ಆಗ್ತಾವ. ದಸರಾ ಆದ ಮ್ಯಾಲ ಮತ್ತೊಮ್ಮೆ ಕಡದ್ರ ಗೊನಿ ಬಿಡ್ತಾವ. ಹಸರಿನ ಮ್ಯಾಲ ಮಾಯಾ ಮಾಡಿ ಕುಂತ್ರ ಹಣ್ಣ ಎಲ್ಲಿಂದ ಬರತೈತ್ರಿ?”

ಅಷ್ಟ್ರಾಗ ಸಾಹುಕಾರರು ಬಂದ್ರು. “ಏನ ನಡದೈತಿ ಇಲ್ಲೆ?”

“ನಾ ಏನೂ ಕೊಟ್ಟಿಲ್ಲ,” ಅಂದ್ರು ಹೆಂಡ್ತಿ. “ಅವರು ನೋಡಾಕತ್ತಾರ.”

ಸಾಹುಕಾರರು ಮಾರಿ ಗಂಟ ಹಾಕಿ ನಿಂತ್ರು. ಆಮ್ಯಾಲ ಖರೇ ಮಾತ ಬಿಟ್ರು. “ಮಾಸ್ತರ, ಸಾಂಗ್ಲಿ ಕಡೆ ನಮ್ಮ ಬೀಗರು ಇದನ್ನ ಹೇಳಿಕೊಡಾಕ ನನ್ನ ಕಡೆ ಒಂದ ಹಂಗಾಮ ಕಸಾ ತಗಸ್ಯಾರ. ನಿಮಗ ಪುಕ್ಕಟ ಯಾಕ ಹೇಳಲಿ? ನೀವೂ ಬೆಳದ್ರ ವಿಜಾಪುರದ ಪ್ಯಾಟ್ಯಾಗ ನನ್ನ ಹಣ್ಣ ಯಾರ ಕೇಳ್ತಾರ?”

ಮಾಸ್ತರು ಛತ್ರಿ ಮಡಚಿದ್ರು. “ಸಾಹುಕಾರ, ಒಬ್ಬಾಂವ ಬೆಳದ್ರ ಬುಟ್ಟಿ ಹೊತ್ತ ಪ್ಯಾಟಿಗೆ ಹೋಗಬೇಕು. ಹತ್ತ ಮಂದಿ ಬೆಳದ್ರ ಲಾರಿ ನಮ್ಮ ಹೊಲಕ್ಕ ಬರತೈತಿ. ನಿಮ್ಮೊಬ್ಬರ ಹಣ್ಣಿಗೆ ಮುಂಬೈ ಲಾರಿ ಬರತೈತೇನು?”

ಸಾಹುಕಾರರು ಒಬ್ಬ ಆಳಿನ ಕೈಯಾಗಿನ ಕತ್ರಿ ಇಸ್ಕೊಂಡು ಮಾಸ್ತರಿಗೆ ಕೊಟ್ರು. “ಹಂಗ ಹಿಡೀಬ್ಯಾಡ್ರಿ, ಖಡು ಅಲ್ಲ ಅದು. ಹಿಂಗ ಹಿಡೀರಿ.”

ಬಬಲೇಶ್ವರದಾಗ ಚಾಟ್ನಿ ಸುಮ್ಮ ಆಗಲಿಲ್ಲ. ಮೊದಲನೇ ಬಳ್ಳಿ ಕಡದಾಗ ಅವ್ವಾರು ಕೂಗಿದ ಕೂಗಿಗೆ ಇಸ್ಪೀಟ ಮಂದಿ ಎದ್ದು ಓಡಿ ಬಂದ್ರು. “ಅಯ್ಯ ನನ ಮಗನ, ಕುಂಕಮ ಹಚ್ಚಿದ ಬಳ್ಳಿ ಕಡೀತೀಯೇನೋ! ಸಾಲಿ ಕಲಿಸಿದ್ದ ಇದಕ್ಕೇನು?” ಮಾಸ್ತರು ಒಂದೊಂದ ಬಳ್ಳಿಗೂ ಏನೋ ಗುಣುಗುಣು ಅಂತಿದ್ರು. ನಾ ಸನೇಕ ಹೋಗಿ ಕೇಳಿದೆ. “ಜಪಾನ... ಜಪಾನ...” ಅನ್ನಾಕತ್ತಿದ್ರು!

ಮಳಿಗಾಲದಾಗ ಮತ್ತ ಚಿಗತು ಹಸರ ಆತು. ಹಣ್ಣಿಲ್ಲ. ದಸರಾ ಆತು, ಮಾಸ್ತರು ಮತ್ತ ಕತ್ರಿ ತಗೊಂಡ್ರು. ಈಗ ತಮ್ಮಗೂ ತಡಕೊಳ್ಳಾಕ ಆಗಲಿಲ್ಲ. “ಬಂದದ್ದನ್ನೂ ಕಡೀತಿಯೇನು? ಮೂರನೇ ವರ್ಷ ಮುಗೀತಣ್ಣಾ. ಜ್ವಾಳಾ ಬಿತ್ತೋ ಹದಾ ಹೊಂಟೈತಿ. ಕೂರಿಗಿ ಸಜ್ಜ ಮಾಡೇನಿ.” ಖರೇನ ಕೂರಿಗಿ ತಂದು ಚಪ್ಪರದ ಮಗ್ಗಲಕ ನಿಂದರಿಸಿದ್ದ. ಮಾಸ್ತರಿಗೆ ಎಲ್ಲೀ ಇಲ್ಲದ ಸಿಟ್ಟ ಬಂದು, “ದೀಪಾವಳಿ ತನಕ ತಡಿ, ಆಮ್ಯಾಲ ನಾನ ಕೀಳತೇನಿ,” ಅಂದ್ರು. ಆ ದಿನಗಳಾಗ ಸಾಲ್ಯಾಗ ನಕಾಶಿ ಮುಂದ ನಿಂತ್ರ ಕೋಲು ಮ್ಯಾಲ ಏಳತಿದ್ದಿಲ್ಲ. ಹುಡುಗೂರು “ಸರ, ಜಪಾನ ಹೇಳ್ರಿ” ಅಂದ್ರ, “ಇವತ್ತ ಸಹಾರಾ ಮರಭೂಮಿ ಓದ್ರಿ” ಅಂತಿದ್ರು.

ಗೊನಿ ಮೊದಲ ಕಂಡದ್ದು ಅವ್ವಾರಿಗೆ. ದೀಪಾವಳಿ ಮುಂದಿನ ಐತವಾರ, ಕುಂಕಮ ಹಚ್ಚಾಕ ಹೋದವರು ಅಲ್ಲೇ ನಿಂತು ಕರದ್ರು: “ಲೇ, ಬರ್ರೋ ಇಲ್ಲೆ. ಇದೇನು, ಸಜ್ಜಿ ತೆನಿ ಮರಿ ಇದ್ದಂಗ ಐತೆಲ್ಲೋ?” ತಮ್ಮ ಹೋಗಿ ಬಗ್ಗಿ ನೋಡಿದ. ಮತ್ತೊಂದ ಬಳ್ಳಿ ನೋಡಿದ, ಮತ್ತೊಂದ ನೋಡಿದ. ಕೂರಿಗಿ ಹೆಗಲ ಮ್ಯಾಲ ಇಟ್ಕೊಂಡು ಬ್ಯಾರೆ ಹೊಲಕ್ಕ ನಡದ. ಹೋಗ್ತಾ ಹೋಗ್ತಾ ತಿರಗಿ ಅಂದ: “ಅಣ್ಣಾ, ಆ ಜಪಾನ ಎಲ್ಲಿ ಬರತೈತಿ?”

ಶಿವರಾತ್ರಿ ಹೊತ್ತಿಗೆ ಮಾಸ್ತರು ಸಾಲಿಗೆ ಒಂದ ಬುಟ್ಟಿ ತಂದ್ರು. ಹುಳಿ ಅಂದ್ರ ಹುಳಿ. ಹೆಡ್ಮಾಸ್ತರು ಒಂದ ಕಾಳ ಬಾಯಾಗ ಹಾಕ್ಕೊಂಡು ಒಂದ ಕಣ್ಣ ಮುಚ್ಚಿ, “ದೇಶ ಮುಂದ ಬರಾಕತ್ತೈತಿ, ಇನ್ನೂ ಮುಟ್ಟಿಲ್ಲ,” ಅಂದ್ರು.

ಬಬಲೇಶ್ವರ ತಿಕೋಟಾನ ಹಿಂದ ಹಾಕಿತೇನು ಅಂತ ಕೇಳ್ತೀರಿ. ಇಲ್ಲ. ತಿಕೋಟಾನೂ ಸುಮ್ಮ ಕುಂತಿಲ್ಲಲ್ರೀ, ಅದೂ ನಡಿಯಾಕತ್ತೈತಿ. ನಡುವಿನ ದಾರಿ ಮಾತ್ರ ಕಡಿಮಿ ಆಗೇತಿ. ನನಗ ಒಂದ ಸಂಶೇನೂ ಐತಿ, ಮಾಸ್ತರಿಗೆ ಮಾರಿ ಮ್ಯಾಲ ಹೇಳೇನಿ: ಹೆಪ್ಪು ಸಿಕ್ಕರ ಸಾಕೇನು, ಹಾಲ ಬ್ಯಾಡೇನು? ಮಾಸ್ತರ ಮನಿಗೆ ಬಾವಿ, ಹೊಲಾ ಇತ್ತು. ಸಾಹುಕಾರರ ತ್ವಾಟದಾಗ ಕತ್ರಿ ಹಿಡದ ಆಳಿಗೆ ಚಾಟ್ನಿ ಪೂರಾ ಗೊತ್ತೈತಿ, ಹೊಲಾ ಎಲ್ಲೈತಿ? ಮಾಸ್ತರು ಕೈ ಮ್ಯಾಲ ಎತ್ತಿದಾವ್ರು ಹಂಗ ಕೆಳಗ ಇಳಿಸಿ, “ಅದು ನಿನ್ನ ಪುಸ್ತಕದ ಹರದ ಹಾಳ್ಯಾಗ ಇರಬೇಕು, ಹುಡುಕು,” ಅಂದ್ರು.

ಈಗ ದೀಪದ ಕಥಿ. ಕಾದಿರಿ, ಉಪಕಾರ ಆತು.

ಮರುವರ್ಷ ಹಣ್ಣ ಸಿಹಿ ಬಂತು. ಸುದ್ದಿ ಹಬ್ಬಿತು. ಒಂದ ಐತವಾರ ನಾ ಬಬಲೇಶ್ವರದ ಅವರ ಪಡಸಾಲ್ಯಾಗ ಕುಂತಿದ್ದೆ. ಅವ್ವಾರು ಆಗಷ್ಟ ದೀಪಾ ಹಚ್ಚಿ ಕೈ ಮುಗದಿದ್ರು. ಸಾರವಾಡದಿಂದ ಒಬ್ಬಾಂವ ಬಂದ, ಹೆಗಲ ಮ್ಯಾಲ ಕಂಬಳಿ, ಕುರಿ ಸಾಕಾಂವ, ಹೊಸದಾಗಿ ಸಣ್ಣ ಬಾವಿ ತಗಸ್ಯಾನಂತ. ಬಾಗಲದಾಗ ನಿಂತ ಕೇಳಿದ, “ಯಪ್ಪಾ, ದ್ರಾಕ್ಷಿ ಹಚ್ಚೇನಿ. ಬರೇ ಹಸರ ಬರತೈತಿ. ಏನ ಮಾಡಬೇಕ್ರಿ?”

ಮಾಸ್ತರು ಬಾಯಿ ತಗಿಯೂದ್ರಾಗ ತಮ್ಮ, ಅದ ಮಾತ ಕಡಿಮಿ ತಮ್ಮ, ದೀಪದ ಕಡೆ ನೋಡಿ ಮೆತ್ತಗ ಅಂದ: “ಈಗಷ್ಟ ದೀಪಾ ಹಚ್ಚೇವಲ್ಲೋ. ನಾಳಿ ಬಾ.”

ನಾ ಮಾಸ್ತರ ಮಾರಿ ನೋಡಿದೆ. ತಿಕೋಟಾದ ಕಟ್ಟಿ, ಆ ಚಹಾ, ಆ ಅಮಾಸಿ, ಆ ಎತ್ತು, ಎಲ್ಲಾ ಅವರ ಕಣ್ಣ ಮುಂದ ಹಾದು ಹೋಗಿರಬೇಕು. ಎದ್ರು. ಮಾಡದ ಹತ್ರ ಹೋದ್ರು. ಫೂ!

“ಅಯ್ಯಯ್ಯ, ಅನಿಷ್ಟ! ದೀಪಾ ಊದತಾರೇನೋ ಖೋಡಿ!” ಅವ್ವಾರ ಕೂಗು.

“ದೀಪಾನ ಹಚ್ಚಿಲ್ಲಲ್ಲಬೇ ಇನ್ನ,” ಕತ್ತಲದಾಗ ಮಾಸ್ತರ ಧ್ವನಿ. “ಬಾರಪಾ ಸಾರವಾಡದಾಂವ, ಒಳಗ ಬಾ. ಕುಂದರು. ಕತ್ರಿ ಐತೇನು ನಿನ್ನ ಕಡೆ?”

ಹೇಳಾಕ ಹತ್ತಿದ್ರು. ಕತ್ತಲದಾಗ ಕೈ ಆಡಸೋದು ಕಾಣಸ್ತಿದ್ದಿಲ್ಲ, ಕೋಟಿನ ತೋಳಿನ ಸಪ್ಪಳ ಅಷ್ಟ ಬರತಿತ್ತು. ಬ್ಯಾಸಗಿ ಚಾಟ್ನಿ ಆತು, ಒಂದ ಕಡ್ಡಿಗೆ ಚಿಗರೋ ಕಣ್ಣ ಎಷ್ಟ ಬಿಡಬೇಕು ಅನ್ನೋದು ಆತು, ನಡುವ ಜಪಾನ ಒಮ್ಮೆ ಬಂದು ಹೋತು. ತಮ್ಮ ಮೊದಲ ಗುರುಗುಟ್ಟಿದ, ಆಮ್ಯಾಲ ಅವನೇ “ಅಣ್ಣಾ, ತಂತಿ ಎತ್ತರದ್ದು ಹೇಳಲಿಲ್ಲ ನೀ” ಅಂದ. ಅವ್ವಾರು ಕಡ್ಡಿಪೆಟಗಿ ಕೈಯಾಗ ಹಿಡಕೊಂಡು ಮಾಡದ ಮುಂದ ನಿಂತ ಇದ್ರು.

“ಮುಗೀತೇನೋ? ಹಚ್ಚಲೇನು?”

“ತಡಿಯಬೇ,” ಅಂದ್ರು ಮಾಸ್ತರು, “ದಸರಾ ಚಾಟ್ನಿ ಇನ್ನೂ ಉಳದೈತಿ.”

ಇಷ್ಟ ನಮ್ಮ ಮಾಸ್ತರ ಸುದ್ದಿ. ಈಗ ನೀವು ಹೇಳ್ರಿ. ನಿಮ್ಮೂರಿಗೆ ಮೊದಲನೇ ಎಂಜಿನ್, ಮೊದಲನೇ ಹೊಸಾ ಬೀಜ, ಮೊದಲನೇ ಹೊಲಿಗಿ ಮಿಶಿನ್ ಯಾರ ತಂದ್ರು? ಯಾರ ಕಡೆಯಿಂದ ಕಲ್ತ್ರು, ಪುಕ್ಕಟ ಕಲ್ತ್ರೋ, ಕಸಾ ತಗದು ಕಲ್ತ್ರೋ? ನಿಮ್ಮನ್ನ ಯಾರರ ‘ನಾಳಿ ಬಾ’ ಅಂದಿದ್ರ ಅದನ್ನೂ ಬರೀರಿ. ನೀವು ಯಾರಿಗರ ಅಂದಿದ್ರ, ಅದನ್ನಂತೂ ಬಿಡದ ಬರೀರಿ.